ಕೊಬ್ಬರಿ ಎಣ್ಣೆ ಸೋಪಿಗೆ ಕಾಸ್ಟಿಕ್ ಸೋಡಾ ಎಷ್ಟು? ಸಪೋನಿಫಿಕೇಶನ್ ವ್ಯಾಲ್ಯೂ ಲೆಕ್ಕ

ತಿಪಟೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಮನೆಯಲ್ಲಿ ಕೊಬ್ಬರಿ ಎಣ್ಣೆ ಸೋಪು ಮಾಡುತ್ತೇನೆ. ಕಲಿಯಲು ಬರುವವರು ಮೊದಲು ಕೇಳುವುದು ಕಾಸ್ಟಿಕ್ ಸೋಡಾ ಎಷ್ಟು ಅಂತ. ಅಂದಾಜಿನ ಮೇಲೆ ದಯವಿಟ್ಟು ಹಾಕಬೇಡಿ.

ಎಣ್ಣೆಯಲ್ಲಿ ಒಂದು ಗ್ಲಿಸರಾಲ್‌ಗೆ ಮೂರು ಫ್ಯಾಟಿ ಆಸಿಡ್ ಸೇರಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಒಂದು ಕ್ಷಾರ. ಇವನ್ನು ಜೋಡಿಸಿರುವ ಎಸ್ಟರ್ ಬಂಧಗಳನ್ನು ಕ್ಷಾರ ಬಿಡಿಸುತ್ತದೆ. ಗ್ಲಿಸರಿನ್ ಬೇರೆಯಾಗುತ್ತದೆ, ಫ್ಯಾಟಿ ಆಸಿಡ್ ಸೋಡಿಯಂ ಜೊತೆ ಸೇರಿ ಸೋಪಾಗುತ್ತದೆ. ಇದೇ ಸಪೋನಿಫಿಕೇಶನ್. ಒಂದು ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಇನ್ನೊಂದು ಕ್ಷಾರ) ಬೇಕೋ, ಅದು ಆ ಎಣ್ಣೆಯ ಸಪೋನಿಫಿಕೇಶನ್ ವ್ಯಾಲ್ಯೂ.

ಕೊಬ್ಬರಿ ಎಣ್ಣೆಗೆ ಇದು ಸುಮಾರು 257, ಹರಳೆಣ್ಣೆಗೆ ಸುಮಾರು 180. ಯಾಕಿಷ್ಟು ವ್ಯತ್ಯಾಸ? ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರುವುದು 12 ಕಾರ್ಬನ್ನಿನ ಲಾರಿಕ್ ಆಸಿಡ್. ಹರಳೆಣ್ಣೆಯ ರಿಸಿನೋಲಿಕ್ ಆಸಿಡ್‌ಗೆ 18 ಕಾರ್ಬನ್. ಸರಪಳಿ ಗಿಡ್ಡ ಇದ್ದಷ್ಟೂ ಒಂದು ಗ್ರಾಂನಲ್ಲಿ ಅಣುಗಳು ಜಾಸ್ತಿ, ಬೇಕಾಗುವ ಕ್ಷಾರವೂ ಜಾಸ್ತಿ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಈಗ ಲೆಕ್ಕ. 257 ಮಿಲಿಗ್ರಾಂ ಅಂದರೆ 0.257 ಗ್ರಾಂ. 500 ಗ್ರಾಂ ಕೊಬ್ಬರಿ ಎಣ್ಣೆಯನ್ನು 0.257ರಿಂದ ಗುಣಿಸಿದರೆ 128.5 ಗ್ರಾಂ. ಇದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಲೆಕ್ಕ. ಗಟ್ಟಿ ಸೋಪಿಗೆ ನಾವು ಬಳಸುವುದು ಕಾಸ್ಟಿಕ್ ಸೋಡಾ ಅಲ್ವಾ, ಅದಕ್ಕೆ ಕಾಸ್ಟಿಕ್ ಸೋಡಾದ ಅಣುತೂಕ 40ರಿಂದ ಗುಣಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಅಣುತೂಕ 56.1ರಿಂದ ಭಾಗಿಸಿ. ಸುಮಾರು 92 ಗ್ರಾಂ ಬರುತ್ತದೆ. ಸ್ವಲ್ಪ ಎಣ್ಣೆ ಉಳಿದರೆ ಚರ್ಮಕ್ಕೆ ಒಳ್ಳೆಯದು, ಹಾಗಾಗಿ ನಾನು ಶೇಕಡಾ 5 ಕಡಿಮೆ ಮಾಡಿ 87 ಗ್ರಾಂ ಹಾಕುತ್ತೇನೆ. ಅಷ್ಟೇ ಹರಳೆಣ್ಣೆಗೆ ಪೂರ್ತಿ ಲೆಕ್ಕ ಹಾಕಿದರೂ ಬೇಕಿರುವುದು 64 ಗ್ರಾಂ. ಅದಕ್ಕೂ 87 ಹಾಕಿದರೆ ಉಳಿದ ಕ್ಷಾರ ಚರ್ಮ ಸುಡುತ್ತದೆ. ಎಣ್ಣೆ ಬದಲಾದರೆ ಲೆಕ್ಕ ಮತ್ತೆ ಮಾಡಲೇಬೇಕು.

ತೂಕ ಡಿಜಿಟಲ್ ತಕ್ಕಡಿಯಲ್ಲೇ ನೋಡಿ, ಚಮಚದ ಅಳತೆ ಬೇಡ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ ಸುಮಾರು 175 ಗ್ರಾಂ ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಆದರೆ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಸೋಡಾ ಹಾಕಿ ಬಿಸಿಯಾದ ಈ ನೀರು ತಣ್ಣಗಾದ ಮೇಲೆ ಎಣ್ಣೆಗೆ ಬೆರೆಸಿ, ಗಟ್ಟಿಯಾಗುತ್ತಾ ಬರುವವರೆಗೆ ತಿರುಗಿಸಿ ಅಚ್ಚಿಗೆ ಹೊಯ್ಯಿರಿ. ಕೊಬ್ಬರಿ ಎಣ್ಣೆ ಸೋಪು ಬೇಗ ಗಟ್ಟಿಯಾಗುತ್ತದೆ, ಮಾರನೆಯ ದಿನಕ್ಕೆ ಬಿಟ್ಟರೆ ಕತ್ತರಿಸುವಾಗ ಪುಡಿಯಾಗಬಹುದು. ಕತ್ತರಿಸಿ ನಾಲ್ಕು ವಾರ ಗಾಳಿಗೆ ಇಟ್ಟು ಆಮೇಲೆ ಬಳಸಿ.