ನಗು ಬಂದ ಕಡೆ ಟಿಕ್: ದೆವ್ವದ ಕಥೆಯೊಂದನ್ನು ತಿದ್ದಿಸಿದ ನನ್ನ ಅನುಭವ

ಹಾಸ್ಯಕ್ಕೆ ಫೀಡ್‌ಬ್ಯಾಕ್ ಕೊಡೋಕೆ ಆಗಲ್ಲ, ನಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೈಸೂರಿನ ನಮ್ಮ ಭಾನುವಾರದ ಕಥೆ ಗುಂಪಿನಲ್ಲೇ ಅರ್ಧ ಜನ ಹೀಗೆ ಅಂದಿದ್ದರು. ಅದರಲ್ಲೂ ಕಥೆಯಲ್ಲಿ ದೆವ್ವ, ಮಾಟ, ಮಾತಾಡುವ ಬೆಕ್ಕು ಬಂದರೆ ಮುಗೀತು. "ಹೇಗಿದ್ದರೂ ಕಟ್ಟುಕಥೆ, ಅದರಲ್ಲಿ ತಪ್ಪು ಹುಡುಕೋದೇನು?" ಅನ್ನುತ್ತಾರೆ. ನಾನು ಒಪ್ಪಿರಲಿಲ್ಲ. ಈಗ ತೋರಿಸೋಕೆ ಕೈಯಲ್ಲಿ ಒಂದು ಕಥೆ ಇದೆ. ನಾನು ಓದಿ, ಓದಿಸಿ, ತಿದ್ದಿಸಿದ ಕಥೆ ಹೋದ ದೀಪಾವಳಿ ವಿಶೇಷಾಂಕವೊಂದರಲ್ಲಿ ಅಚ್ಚಾಯಿತು. ಬರೆದ ಹುಡುಗಿಗೆ ಅದು ಮೊದಲ ಕಥೆ. ಇದನ್ನು ಓದುವ ನೀವೂ ಬೇರೆಯವರ ಕಥೆ ಓದಿ ಅಭಿಪ್ರಾಯ ಹೇಳುವವರು ಅಂದುಕೊಂಡಿದ್ದೇನೆ, ಹಾಗಾಗಿ ಪಾತ್ರ, ನಿರೂಪಣೆ ಅಂತೆಲ್ಲ ವಿವರಿಸಲ್ಲ.

ಕಥೆ 'ನಾಳೆ ಬಾ' ದೆವ್ವದ್ದು. 1990ರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲ ಮೇಲೆ ಹೀಗೆ ಬರೆಯುತ್ತಿದ್ದದ್ದು ನೆನಪಿರಬೇಕಲ್ವಾ? ದೆವ್ವ ರಾತ್ರಿ ಬಂದು ಗುರುತಿನವರ ದನಿಯಲ್ಲೇ ಕೂಗುತ್ತೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. ಈ ಹುಡುಗಿ ಅದನ್ನು ಕಂಡವಳಲ್ಲ, ಅಜ್ಜಿ ಹೇಳಿ ಕೇಳಿದ್ದು. ಅವಳ ಕಥೆಯಲ್ಲಿ ದೆವ್ವಕ್ಕೆ ವರ್ಷಗಟ್ಟಲೆ ಅಲೆದು ಸಾಕಾಗಿಬಿಟ್ಟಿದೆ. ಒಂದು ದಿನ ಅರ್ಜಿ ಬರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗುತ್ತೆ, ನನಗೊಂದು ಖಾಯಂ ತಾರೀಕು ಕೊಡಿಸಿ ಅಂತ. ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಗೆ ಓದಿ, ನಾಳೆ ಬಾ ಅನ್ನುತ್ತಾರೆ. ಬಂಗಾರದಂಥ ಐಡಿಯಾ. ಆದರೆ ಮೊದಲ ಡ್ರಾಫ್ಟ್ ಸುಮಾರು 14 ಪುಟ ಇತ್ತು, ಈ ಭಾಗ ಬರುವ ಹೊತ್ತಿಗೆ ಒಂಬತ್ತು ಪುಟ ದಾಟಿರುತ್ತಿತ್ತು.

ನನ್ನ ಹತ್ತಿರ ಬರೋಕೆ ಮುಂಚೆ ಅವಳು ಎಲ್ಲ ಕಡೆ ಸುತ್ತಿ ಬಂದಿದ್ದಳು. ಒಬ್ಬರು ಬರೀ ಕಾಗುಣಿತ ತಿದ್ದಿ ಪುಟವೆಲ್ಲ ಕೆಂಪು ಮಾಡಿ ಕಳಿಸಿದ್ದರು. ಇನ್ನೊಬ್ಬರು "ಚೆನ್ನಾಗಿದೆ, ಹೀಗೇ ಬರೀತಾ ಇರಿ" ಅಂದರು. ಯಾವುದೋ ಎರಡು ದಿನದ ಕಮ್ಮಟಕ್ಕೆ ಮೂರೂವರೆ ಸಾವಿರ ಕಟ್ಟಿದ್ದಳಂತೆ, ಅಲ್ಲಿ ಸಿಕ್ಕ ಸಲಹೆ "ಒಂದು ಸಾಮಾಜಿಕ ಸಂದೇಶ ಸೇರಿಸಿ" ಅಂತ. ಅವಳು ಪಾಪ ಸೇರಿಸಿಯೂ ಇದ್ದಳು, ಕೊನೆಯಲ್ಲಿ ದೆವ್ವ ಲಂಚದ ಬಗ್ಗೆ ಒಂದೂವರೆ ಪುಟ ಭಾಷಣ ಮಾಡುತ್ತಿತ್ತು. ತಿಂಗಳಿಗೆ ಹದಿನೆಂಟು ಸಾವಿರದ ಕೆಲಸದಲ್ಲಿರೋ ಹುಡುಗಿ, ಆ ದುಡ್ಡು ನೆನೆದು ನನಗೆ ಹೊಟ್ಟೆ ಉರಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಮಾರ್ಜಿನ್‌ನಲ್ಲಿ "ಇಲ್ಲಿ ನಗು ಬರಲಿಲ್ಲ" ಅಂತ ಬರೆದು ಕೊಟ್ಟೆ. ಕೆಲಸಕ್ಕೆ ಬರಲಿಲ್ಲ. ಹಾಗೆ ಬರೆದ ಕಡೆಯೆಲ್ಲ ಅವಳು ಆ ಜೋಕ್ ತೆಗೆದು ಇನ್ನೂ ದೊಡ್ಡ ಜೋಕ್ ತುರುಕಿದಳು, ಎರಡನೇ ಡ್ರಾಫ್ಟ್ ಮೊದಲಿನದಕ್ಕಿಂತ ಗಲಾಟೆ ಆಯಿತು. ಆಮೇಲೆ ಮಾದರಿ ಕೊಡೋಣ ಅಂತ, ಡಾಕ್ಟರಾಗಿದ್ದ ರಾ.ಶಿ. (ಎಂ. ಶಿವರಾಂ) ಅವರು 1942ರಲ್ಲಿ ಶುರು ಮಾಡಿ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆ ಕೊರವಂಜಿಯ ಹಳೇ ಸಂಚಿಕೆಗಳಿಂದ ಒಂದಷ್ಟು ಪುಟ ಜೆರಾಕ್ಸ್ ಮಾಡಿಸಿ ಕೊಟ್ಟೆ. ಇನ್ನೂರು ಚಿಲ್ಲರೆ ಖರ್ಚಾಯಿತು. ಓದಿ ಬಿದ್ದು ಬಿದ್ದು ನಕ್ಕಳು, ಸರಿ. ಆದರೆ ಮುಂದಿನ ಡ್ರಾಫ್ಟ್‌ನಲ್ಲಿ ದೆವ್ವ ಅಜ್ಜನ ಕಾಲದ ಮಾತು ಆಡೋಕೆ ಶುರು ಮಾಡಿತು. ಹೊಸಬರಿಗೆ ಬರೆಯುವ ನಡುವೆ ಮಾದರಿ ಕೊಡಬೇಡಿ, ಮುಗಿದ ಮೇಲೆ ಕೊಡಿ.

ಕೊನೆಗೆ ಫಲ ಕೊಟ್ಟದ್ದು ಹೀಗೆ. ಮೊದಲು ಜೋಕ್‌ಗಳ ತಂಟೆಗೇ ಹೋಗಲಿಲ್ಲ. ಒಂದು ಹಾಳೆ ತೆಗೆದುಕೊಂಡು ಈ ದೆವ್ವಕ್ಕೆ ಏನು ಬರುತ್ತೆ, ಏನು ಬರಲ್ಲ ಅಂತ ಕಥೆಯಲ್ಲಿ ಇದ್ದದ್ದನ್ನು ಮಾತ್ರ ಬರೆದೆ. ಓದೋಕೆ ಬರುತ್ತೆ. ಬರೆದದ್ದಕ್ಕೆ ಮರ್ಯಾದೆ ಕೊಡುತ್ತೆ. ಬಾಗಿಲು ತೆಗೆಯದೆ ಒಳಗೆ ಬರಲ್ಲ. ಆರನೇ ಪುಟದಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ಕಾಂಪೌಂಡ್ ಗೋಡೆ ತೂರಿ ಓಡಿಹೋಗುತ್ತೆ! ಗೋಡೆ ತೂರೋಕೆ ಬಂದರೆ ಇಷ್ಟು ವರ್ಷ ಬಾಗಿಲ ಮುಂದೆ ನಿಂತದ್ದು ಯಾಕೆ? ಓದುಗನಿಗೆ ಈ ಪ್ರಶ್ನೆ ಒಮ್ಮೆ ಹೊಕ್ಕರೆ ಆಮೇಲೆ ಎಂಥ ಜೋಕ್ ಹಾಕಿದರೂ ಅವನು ಗೋಡೆಯನ್ನೇ ಯೋಚಿಸುತ್ತಿರುತ್ತಾನೆ. ಕಟ್ಟುಕಥೆಯಲ್ಲಿ ತಪ್ಪು ಹುಡುಕೋದೇನು ಅಂದವರಿಗೆ ಉತ್ತರ ಇದೇ, ಕಟ್ಟಿದ ನಿಯಮವನ್ನು ಕಥೆಯೇ ಮುರಿದರೆ ಅದು ತಪ್ಪು.

ನಾನು ಪರಿಹಾರ ಹೇಳಲಿಲ್ಲ, ಪ್ರಶ್ನೆ ಮಾತ್ರ ಕೇಳಿದೆ. ಅವಳು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ಕಚ್ಚುತ್ತಾ ಕೂತು, "ಮೇಡಂ, ನಮ್ಮ ದೆವ್ವಕ್ಕೆ ಗೋಡೆ ದಾಟೋಕೆ ಬರುತ್ತೆ, ಆದ್ರೆ ಮರ್ಯಾದೆ ಜಾಸ್ತಿ. ಕರೀದೆ ಯಾರ ಮನೆ ಒಳಗೂ ಹೋಗಲ್ಲ" ಅಂದಳು. ಅಷ್ಟೇ, ಕಥೆಗೆ ಬೆನ್ನೆಲುಬು ಸಿಕ್ಕಿತು. ದೆವ್ವ ತಾಲ್ಲೂಕು ಕಚೇರಿಗೆ ಯಾಕೆ ಹೋಗುತ್ತೆ ಅನ್ನೋದಕ್ಕೂ ಕಾರಣ ತಾನಾಗೇ ಬಂತು, ಕರೆಯದೆ ಹೋಗಬಹುದಾದ ಜಾಗ ಅದೊಂದೇ ತಾನೆ. ಇದನ್ನು ನಾನೇ ಹೇಳಿಕೊಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಆಮೇಲೆ ಕೇಳಿಸುವ ಕೆಲಸ. ಐದಾರು ಜನ ಕೇಳುಗರು, ಯಾರಿಗೂ ಬರೆದವಳ ಪರಿಚಯ ಇರಬಾರದು. ಓದುವವರು ಬೇರೆಯವರು, ನಾಟಕ ಮಾಡದೆ ಪೇಪರ್ ಓದಿದ ಹಾಗೆ ಓದಬೇಕು. ನಾನು ಹಿಂದೆ ಕೂತು ಒಂದು ಪ್ರತಿ, ಒಂದು ಪೆನ್ಸಿಲ್ ಹಿಡಿದಿರುತ್ತೇನೆ. ಸದ್ದು ಮಾಡಿ ನಕ್ಕರೆ ಟಿಕ್, ಮುಗುಳ್ನಗೆಗೆ ಚುಕ್ಕೆ, ಯಾರಾದರೂ ಫೋನ್ ನೋಡಿದರೆ ಅಡ್ಡಗೆರೆ. ಕೇಳುಗರನ್ನು ಎಲ್ಲಿಂದ ಹೇಗೆ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅದನ್ನು ಕಂಡುಕೊಳ್ಳೋಕೆ ನನಗೆ ತುಂಬಾ ಸಮಯ ಹಿಡಿದಿದೆ. ಪ್ರಿಂಟ್‌ಗೆ ಪುಟಕ್ಕೆ ಎರಡು ರೂಪಾಯಿ, ಕೇಳುಗರಿಗೆ ಕಾಫಿ, ಚುರುಮುರಿ ಎಲ್ಲ ಸೇರಿ ಒಂದು ಸಲಕ್ಕೆ ನಾನೂರು, ನಾನೂರೈವತ್ತು ಆಗುತ್ತೆ. ಆಗ ನಾನು ಒಂದು ಕಥೆಗೆ ತೆಗೆದುಕೊಳ್ಳುತ್ತಿದ್ದದ್ದು ಐನೂರು. "ಚುರುಮುರಿ ಹಂಚೋಕೆ ಕಥೆ ಓದ್ತೀಯಾ?" ಅಂತ ಗುಂಪಿನಲ್ಲಿ ಕೇಳಿದರು. ಕೇಳಲಿ ಅಂತ ಬಿಟ್ಟೆ. ಈಗ ಸಾವಿರದ ಇನ್ನೂರು ತೆಗೆದುಕೊಳ್ಳುತ್ತೇನೆ, ಯಾರೂ ಚೌಕಾಸಿ ಮಾಡುತ್ತಿಲ್ಲ.

ಮೊದಲ ಓದಿನಲ್ಲಿ ಅವಳು ಜೋಕ್ ಅಂತ ಬರೆದ ಕಡೆ ಮೂವತ್ತರ ಹತ್ತಿರ ಇದ್ದವು. ಟಿಕ್ ಬಿದ್ದದ್ದು ಏಳೋ ಎಂಟೋ ಕಡೆ. ಅದರಲ್ಲಿ ಎರಡು ಅವಳು ಜೋಕ್ ಅಂತ ಬರೆದದ್ದೇ ಅಲ್ಲ. ಒಂದು, ದೆವ್ವ ಬಾಗಿಲು ಬಡಿಯುವ ಮುಂಚೆ ಚಪ್ಪಲಿಯನ್ನು ಜೋಡಿಸಿ ಪಕ್ಕಕ್ಕೆ ಬಿಡುವ ಸಾಲು. ಕೇಳುಗರೆಲ್ಲ ಒಟ್ಟಿಗೆ ನಕ್ಕರು. ಪ್ರತಿ ತೋರಿಸಿದಾಗ ಅವಳು ನಂಬಲಿಲ್ಲ. "ಇದಕ್ಕಾ ಮೇಡಂ?" ಅಂದಳು. "ಹೂಂ ಕಣಮ್ಮ, ಇದಕ್ಕೇ." ಟಿಕ್‌ಗಳನ್ನು ಮೊದಲು ತೋರಿಸಬೇಕು, ಇದು ಮುಖ್ಯ. ತನ್ನ ಬಲ ಎಲ್ಲಿದೆ ಅಂತ ಗೊತ್ತಾದ ಮೇಲೆ ಹೊಸಬರು ಅಡ್ಡಗೆರೆ ಬಿದ್ದ ಸಾಲುಗಳನ್ನು ತಾವೇ ಹೊಡೆದು ಹಾಕುತ್ತಾರೆ. ಅವಳು ಲಂಚದ ಭಾಷಣವನ್ನು ನಾನು ಬಾಯಿ ಬಿಡುವ ಮೊದಲೇ ತೆಗೆದಳು.

ಚುಕ್ಕೆ ಬಿದ್ದ ಕಡೆ ಮಾತ್ರ ನಾನು ವಾಕ್ಯಕ್ಕೆ ಕೈ ಹಾಕಿದ್ದು. ಅಲ್ಲಿ ಜೋಕ್ ಇರುತ್ತೆ, ಜಾಗ ತಪ್ಪಿರುತ್ತೆ. "'ನಾಳೆ ಬಂದ್ರೂ ನಾಳೆ ಬಾ ಅಂತಲೇ ಬರೆದಿರ್ತೀರಲ್ಲ' ಎಂದು ದೆವ್ವವು ಬೇಸರದಿಂದ ತಲೆ ಕೆರೆದುಕೊಳ್ಳುತ್ತಾ ಹೇಳಿತು" ಅಂತ ಇತ್ತು. ನಗು ಬರುವ ಮಾತು ಮೊದಲೇ ಮುಗಿದು, ಆಮೇಲೆ ಬೇಸರ, ತಲೆ, ಕೆರೆತ ಎಲ್ಲ ಸಾಲಾಗಿ ಬಂದು ನಗುವನ್ನು ಮುಚ್ಚಿಬಿಡುತ್ತೆ. ತಿರುಗಿಸಿ ಅಂದೆ. ದೆವ್ವ ತಲೆ ಕೆರೆದುಕೊಂಡಿತು, ಆಮೇಲೆ ಮಾತು, ಅಲ್ಲಿಗೆ ಪ್ಯಾರಾ ಮುಗಿಯಬೇಕು. ಕನ್ನಡದಲ್ಲಿ ಈ 'ಎಂದು ಹೇಳಿತು' ಬಾಲ ಎಷ್ಟು ಹಾಸ್ಯವನ್ನು ಕೊಂದಿದೆಯೋ ಲೆಕ್ಕವಿಲ್ಲ. ಮುಂದಿನ ಓದಿನಲ್ಲಿ ಅದೇ ಮಾತಿಗೆ ಟಿಕ್ ಬಿತ್ತು.

ದೆವ್ವವನ್ನು ಜೋಕರ್ ಮಾಡಬೇಡ ಅಂತ ಒಂದು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿದೆ. ತೆಂಕುತಿಟ್ಟಿನ, ಅಂದರೆ ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಶೈಲಿಯ ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ (ಉಬ್ಬು ಬೊಟ್ಟುಗಳು) ಇಟ್ಟುಕೊಂಡು ರಂಗಕ್ಕೆ ಬಂದಾಗ ರಾಕ್ಷಸ ನಿಜವಾಗಿ ರಾಕ್ಷಸನೇ. ಎದುರಿಗೆ ಹಾಸ್ಯಗಾರ ನಡುಗುತ್ತಾ ಮಾತಾಡಿದಾಗ ನಗು ಬರೋದು ಅದಕ್ಕೇ. ರಾಕ್ಷಸನೂ ಹಲ್ಲು ಕಿರಿದರೆ ಇಬ್ಬರೂ ಕೆಟ್ಟರು. ಅವಳ ದೆವ್ವ ಅರ್ಜಿಯನ್ನು ಪ್ರಾಣ ಹೋಗುವ ಹಾಗೆ ಗಂಭೀರವಾಗಿ ಬರೆಯಬೇಕು, ಹಾಗೆ ಬರೆದಾಗಲೇ ಅದು ಚೆಂದ.

ನಡುವೆ ಒಂದೆರಡು ಪ್ರಯೋಗ ಮಾಡಿದೆ, ಸುಮ್ನೆ ಕುತೂಹಲಕ್ಕೆ. ಇದೇ ಕಥೆಯನ್ನು ಬೇಸಿಗೆ ಶಿಬಿರದ ಮಕ್ಕಳಿಗೆ ಓದಿಸಿದೆ. ಅವರು ಕಚೇರಿ ಭಾಗಕ್ಕೆ ನಗಲೇ ಇಲ್ಲ, ನಾಯಿ ಅಟ್ಟಿಸಿಕೊಂಡು ಬಂದದ್ದಕ್ಕೆ ನೆಲಕ್ಕೆ ಉರುಳಿ ನಕ್ಕರು. ಪಾರ್ಕಿಗೆ ಬರುವ ರಿಟೈರ್ ಆದವರಿಗೆ ಅದು ತಿರುಗುಮುರುಗು. ವಾಟ್ಸಾಪ್‌ನಲ್ಲಿ ಆಡಿಯೋ ಕಳಿಸಿ ಎಲ್ಲಿ ನಕ್ಕಿರಿ ಹೇಳಿ ಅಂದರೆ ಜನ ಆಮೇಲೆ ಯೋಚಿಸಿ ಒಳ್ಳೆ ಒಳ್ಳೆ ಜಾಗ ಹೇಳುತ್ತಾರೆ, ನಂಬಬೇಡಿ. ದೆವ್ವಕ್ಕೆ ಮಂಡ್ಯದ ಮಾತು ಕೊಟ್ಟು ನೋಡಿದಳು, ಟಿಕ್ ಜಾಸ್ತಿ ಆದವು. ಆದರೆ ಕೇಳುಗರು ಭಾಷೆಗೆ ನಗುತ್ತಿದ್ದಾರೆ, ದೆವ್ವದ ಪಾಡಿಗೆ ಅಲ್ಲ ಅಂತ ಅವಳೇ ಗುರುತಿಸಿ ವಾಪಸ್ ತೆಗೆದಳು. ಅಂಥ ಕಿವಿ ಬರೋಕೆ ನಮ್ಮ ಗುಂಪಿನ ಕೆಲವರಿಗೆ ಹತ್ತು ವರ್ಷ ಹಿಡಿದಿದೆ. ಆಶ್ಚರ್ಯಸೂಚಕ ಚಿಹ್ನೆ ಎಲ್ಲಾ ಅಳಿಸಿಸಿದೆ, ಕಡಿಮೆ ಅಂದರೂ ಅರವತ್ತು ಇದ್ದವು.

ನಾಲ್ಕನೇ ಡ್ರಾಫ್ಟ್ ಹೊತ್ತಿಗೆ ಕಥೆ 8 ಪುಟಕ್ಕೆ ಇಳಿದಿತ್ತು, ಟಿಕ್‌ಗಳು ಇಪ್ಪತ್ತರ ಮೇಲೆ. ಕಳಿಸಿದ ಎರಡನೇ ಕಡೆಯೇ ತೆಗೆದುಕೊಂಡರು. ಅವಳಿಗೆ ಸಂಭಾವನೆ ಒಂದೂವರೆ ಸಾವಿರ ಬಂತು, ಕಮ್ಮಟಕ್ಕೆ ಕಟ್ಟಿದ್ದರಲ್ಲಿ ಅರ್ಧವೂ ಅಲ್ಲ, ಆದರೂ ನನಗೆ ಒಂದು ಡಬ್ಬಿ ಮೈಸೂರು ಪಾಕ್ ತಂದುಕೊಟ್ಟಳು.

ಈ ವಿಧಾನ ಇಪ್ಪತ್ತು ಪುಟ ದಾಟಿದ ಕಥೆಗೆ ಸದ್ಯಕ್ಕೆ ಆಗುತ್ತಿಲ್ಲ. ಹದಿನೈದನೇ ಪುಟದ ಮೇಲೆ ಅಡ್ಡಗೆರೆಗಳು ಕಥೆಗೆ ಬಿದ್ದದ್ದೋ ಸುಸ್ತಿಗೆ ಬಿದ್ದದ್ದೋ ಹೇಳೋಕಾಗಲ್ಲ. ಎರಡು ಭಾನುವಾರಕ್ಕೆ ಹಂಚಿ ನೋಡಿದೆ, ಎರಡನೇ ವಾರಕ್ಕೆ ಅದೇ ಕೇಳುಗರು ಸಿಗಲಿಲ್ಲ. ಹಾಗಾಗಿ ಕಾದಂಬರಿ ತರುವವರಿಗೆ ಮೊದಲ ಮೂರು ಅಧ್ಯಾಯ ಮಾತ್ರ ಕೇಳಿಸುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ದರ ಅದೇ ಸಾವಿರದ ಇನ್ನೂರು, ಚುರುಮುರಿ ಸೇರಿ.