ಮೊಳೆ, ಅಯಸ್ಕಾಂತ, 600 ಸುತ್ತು ತಂತಿ: ಕೈಯಲ್ಲಿ ತಿರುಗಿಸುವ ಜನರೇಟರ್

ಕೋಲಾರದಲ್ಲಿ ಹೈಸ್ಕೂಲು ಮಕ್ಕಳಿಗೆ ನಾನು ಮಾಡಿಸುವ ಜನರೇಟರ್‌ಗೆ, ತಿರುಗುವ ಸುರುಳಿಯಿಂದ ಕರೆಂಟನ್ನು ಹೊರಗೆ ತರುವ ಬ್ರಶ್ಶೂ ಇಲ್ಲ, ಕಮ್ಯುಟೇಟರೂ ಇಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಸುರುಳಿ ತಿರುಗುತ್ತದೆ. ಇಲ್ಲಿ ಸುರುಳಿ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ. ಎರಡರಲ್ಲೂ ನಿಯಮ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೇ: ಸುರುಳಿಯೊಳಗೆ ಹಾಯುವ ಕಾಂತಬಲರೇಖೆಗಳು ಬದಲಾಗುತ್ತಿರಬೇಕು. ಎಷ್ಟು ಬೇಗ ಬದಲಾಗುತ್ತವೋ, ಎಷ್ಟು ಸುತ್ತು ತಂತಿ ಇದೆಯೋ, ಅಷ್ಟು ವೋಲ್ಟೇಜು. ಅಯಸ್ಕಾಂತ ಸುಮ್ಮನೆ ನಿಂತರೆ ಏನೂ ಬರುವುದಿಲ್ಲ.

ಬೇಕಾದದ್ದು: 40×25×10 ಮಿ.ಮೀ. ಅಳತೆಯ ಕಪ್ಪು ಫೆರೈಟ್ ಅಯಸ್ಕಾಂತ ನಾಲ್ಕು, ನಾಲ್ಕಿಂಚಿನ ಕಬ್ಬಿಣದ ಮೊಳೆ ಒಂದು, ದಪ್ಪ ರಟ್ಟು, ಕೆಂಪು ಎಲ್‌ಇಡಿ ಎರಡು, 34 ಗೇಜಿನ ಎನಾಮಲ್ ತಂತಿ (ಕರೆಂಟು ಹಾಯದ ತೆಳು ಲೇಪವಿರುವ ತಾಮ್ರದ ತಂತಿ) 100 ಗ್ರಾಂ. ಮೋಟರ್ ರಿವೈಂಡಿಂಗ್ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ, ಆದರೆ ಬೋರ್‌ವೆಲ್ ಮೋಟರ್ ತಂತಿಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ದಪ್ಪವೂ ಹೆಚ್ಚು. ಫ್ಯಾನ್ ಸುತ್ತುವ ತಂತಿ ಎಂದೇ ಕೇಳಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ.

ರಟ್ಟಿನ ಡಬ್ಬಿಯ ಒಳ ಅಳತೆ 6 ಸೆಂ.ಮೀ. ಅಗಲ, 6 ಎತ್ತರ, 5 ಉದ್ದ. ಉದ್ದದ ದಿಕ್ಕಿನಲ್ಲಿ ಮೊಳೆ ತೂರಿಸಿ, ಅದರ ಎರಡೂ ಬದಿಗೆ ಎರಡೆರಡು ಅಯಸ್ಕಾಂತ ಹಚ್ಚಿ. ಒಂದು ಬದಿಯ ಹೊರಮೈ ಉತ್ತರವಾದರೆ ಎದುರು ಬದಿಯ ಹೊರಮೈ ದಕ್ಷಿಣವಾಗಲೇಬೇಕು. ಹಚ್ಚುವಾಗ ಎರಡು ಜೋಡಿಗಳು ಒಂದನ್ನೊಂದು ಎಳೆದುಕೊಂಡರೆ ಸರಿ. ತಳ್ಳಿದರೆ ಒಂದು ಜೋಡಿಯನ್ನು ಮಗುಚಿ ಹಚ್ಚಿ. ಹಾಗೇ ಬಿಟ್ಟರೆ ಒಂದರ ಬಲರೇಖೆಯನ್ನು ಇನ್ನೊಂದು ಕಳೆದುಹಾಕುತ್ತದೆ.

ಹೆಚ್ಚಿನ ಮಾದರಿಗಳು ಸೋಲುವುದು ಸುರುಳಿಯ ದಿಕ್ಕಿನಲ್ಲಿ. ಮೊಳೆ ನಡುವೆ ಬರುವಂತೆ ಅದರ ಸುತ್ತ ಉಂಗುರದ ಹಾಗೆ ತಂತಿ ಸುತ್ತಿದರೆ ಎಷ್ಟು ಜೋರಾಗಿ ತಿರುಗಿಸಿದರೂ ಸೊನ್ನೆ, ಏಕೆಂದರೆ ಅಯಸ್ಕಾಂತ ತಿರುಗಿದರೂ ಆ ಉಂಗುರದೊಳಗೆ ಹಾಯುವ ರೇಖೆಗಳು ಬದಲಾಗುವುದೇ ಇಲ್ಲ. ತಂತಿ ಡಬ್ಬಿಯ ಹೊರಮೈ ಮೇಲೆ ಮೊಳೆಯ ಉದ್ದಕ್ಕೂ ಓಡಿ, ಮೊಳೆಯ ತುದಿಯನ್ನು ಬಳಸಿ, ಆಚೆ ಬದಿಯಲ್ಲಿ ಹಿಂದಿರುಗಬೇಕು. ಮೊಳೆಯ ಎಡಕ್ಕೆ 300 ಸುತ್ತು, ಬಲಕ್ಕೆ 300, ಎಲ್ಲವೂ ಒಂದೇ ದಿಕ್ಕಿನಲ್ಲಿ. ಹೀಗಿದ್ದರೆ ಅಯಸ್ಕಾಂತದ ಮುಖ ಸುರುಳಿಗೆ ಎದುರಾಗಿ, ಮತ್ತೆ ಪಕ್ಕಕ್ಕೆ ಹೊರಳುತ್ತದೆ. ಎದುರಾದ ಗಳಿಗೆಯಲ್ಲಿ ಕರೆಂಟು ಹೆಚ್ಚು ಎಂದು ಮಕ್ಕಳು ಹೇಳುತ್ತಾರೆ. ಆಗ ರೇಖೆಗಳು ಅತಿ ಹೆಚ್ಚು, ನಿಜ; ಬದಲಾವಣೆ ಮಾತ್ರ ಇಲ್ಲ, ವೋಲ್ಟೇಜು ಸೊನ್ನೆ. ಪಕ್ಕಕ್ಕೆ ಹೊರಳಿ ಅಡ್ಡಲಾದಾಗಲೇ ಅದು ತುದಿ ಮುಟ್ಟುವುದು.

ತಂತಿಯ ಎರಡೂ ತುದಿಯ ಎನಾಮಲ್ಲನ್ನು ಸ್ಯಾಂಡ್ ಪೇಪರಿನಿಂದ ಎರಡು ಸೆಂ.ಮೀ. ಉಜ್ಜಿ ತಾಮ್ರದ ಹೊಳಪು ಕಾಣಿಸಿ. ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಒಳಗೆ ತುಂಡಾಗಿದೆ, ಇಲ್ಲವೇ ಎನಾಮಲ್ ಉಳಿದಿದೆ.

ಸೆಕೆಂಡಿಗೆ ಐದು ಸುತ್ತು ತಿರುಗಿಸಿದರೆ ಕೆಂಪು ಎಲ್‌ಇಡಿ ಬೆಳಗುತ್ತದೆ, ಅದಕ್ಕೆ 1.8 ವೋಲ್ಟ್ ಸಾಕು. ಎರಡನ್ನು ತಿರುಗಾಮುರುಗಾ ಜೋಡಿಸಿದರೆ ಒಂದಾದ ಮೇಲೊಂದು ಮಿನುಗುತ್ತವೆ, ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು, ಕಣ್ಣಿಗೇ ಕಾಣುತ್ತದೆ. ಟಾರ್ಚಿನ 2.5 ವೋಲ್ಟ್ ಬಲ್ಬು ಮಾತ್ರ ಹತ್ತುವುದಿಲ್ಲ. ಅದಕ್ಕೆ 300 ಮಿಲಿಆಂಪಿಯರ್ ಬೇಕು. 60 ಓಮಿನ ಸುರುಳಿ 3 ವೋಲ್ಟಿಗೆ 50 ಮಿಲಿಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲ. ದಪ್ಪ ತಂತಿ ಸುತ್ತಿದರೆ ಸುತ್ತುಗಳು ಕಡಿಮೆಯಾಗುತ್ತವೆ, ಆಗ ಡ್ರಿಲ್ ಮೆಷಿನ್ನಿನ ವೇಗ ಬೇಕಾಗುತ್ತದೆ.

ಕೊನೆಗೆ ಒಂದು ಪರೀಕ್ಷೆ ತಪ್ಪದೆ ಮಾಡಿಸುತ್ತೇನೆ. ಎಲ್‌ಇಡಿ ಬಿಚ್ಚಿ, ಮೊಳೆಯನ್ನು ಜೋರಾಗಿ ತಿರುಗಿಸಿ ಬಿಡಿ. ಆಮೇಲೆ ತಂತಿಯ ಎರಡು ತುದಿ ಸೇರಿಸಿ ಮತ್ತೆ ತಿರುಗಿಸಿ. ಎರಡನೇ ಸಲ ಬೇಗ ನಿಲ್ಲುತ್ತದೆ. ಸುರುಳಿಯಲ್ಲಿ ಹರಿಯುವ ಕರೆಂಟು ತನ್ನದೇ ಕಾಂತಕ್ಷೇತ್ರ ಹುಟ್ಟಿಸಿ ಅಯಸ್ಕಾಂತವನ್ನು ತಡೆಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೆಜಿಎಫ್ ಗಣಿಗಳಿಗೆ ಕರೆಂಟು ಬಂದಾಗಲೂ ಹೀಗೇ: ಇಲ್ಲಿ ಲೋಡ್ ಏರಿದರೆ ಅಲ್ಲಿ ಟರ್ಬೈನಿಗೆ ನೀರು ಹೆಚ್ಚು ಬೇಕು. ತುದಿ ಬಿಚ್ಚಿದ್ದಾಗಲೂ ಮೊಳೆ ಬೇಗ ನಿಂತರೆ ಅಯಸ್ಕಾಂತ ರಟ್ಟಿಗೆ ತಾಗುತ್ತಿದೆ, ಇಲ್ಲವೇ ತೂತು ಬಿಗಿಯಾಗಿದೆ. ತೂತನ್ನು ಸ್ವಲ್ಪ ಸಡಿಲಿಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ.