ತಟ್ಟೆ ಸರಿದ ದಿನದಿಂದ

ಕೊಡಗಿನ ಸಿದ್ದಾಪುರದ ಸುತ್ತಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವ ಮಕ್ಕಳ ಜೊತೆಗೆ ಹಾಡಿಗಳಿಂದ, ಅಂದರೆ ಆದಿವಾಸಿಗಳ ವಸತಿಗಳಿಂದ, ಬರುವ ಯರವ, ಜೇನುಕುರುಬ ಮಕ್ಕಳೂ, ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ನೆಲೆಸಿದವರ ಮಕ್ಕಳೂ ನನ್ನ ತರಗತಿಯಲ್ಲಿರುತ್ತಾರೆ. ಕೆಲವು ವರ್ಷಗಳ ಹಿಂದೆ ಬಿಸಿಯೂಟದ ಸಾಲಿನಲ್ಲಿ ಹಾಡಿಯ ಹುಡುಗನೊಬ್ಬ ಬಂದು ಕುಳಿತೊಡನೆ, ಪಕ್ಕದ ಹುಡುಗಿ ತನ್ನ ತಟ್ಟೆಯನ್ನು ಒಂದು ಗೇಣು ಆಚೆಗೆ ಸರಿಸಿದಳು. ಅವಳು ಏನನ್ನೂ ಹೇಳಲಿಲ್ಲ. ಹುಡುಗ ಸಾಂಬಾರು ಬಡಿಸುವವರೆಗೂ ಕಾಯದೆ ಬರಿ ಅನ್ನದ ತಟ್ಟೆ ಎತ್ತಿಕೊಂಡು ಜಗಲಿಯ ತುದಿಗೆ ಹೋಗಿ ಕುಳಿತ.

ಮರುದಿನ ನಾನು ಸಂವಿಧಾನದ 17ನೆಯ ವಿಧಿಯನ್ನು ವಿವರಿಸಿದೆ. ಅಸ್ಪೃಶ್ಯತೆ 1950ರಲ್ಲೇ ಕಾನೂನಿನ ಪ್ರಕಾರ ನಿರ್ಮೂಲವಾಗಿದೆ ಎಂದು ಮಕ್ಕಳು ಕಲಿತು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದರು. ತಟ್ಟೆ ಸರಿಸಿದ ಹುಡುಗಿಗೂ ಪೂರ್ತಿ ಅಂಕ ಬಂತು. ಊಟದ ಸಾಲು ಮಾತ್ರ ಮೊದಲಿನಂತೆಯೇ ಇತ್ತು.

ಆಮೇಲೆ ಒಂದು ವಾರ ನನ್ನನ್ನೇ ಗಮನಿಸಿದೆ. ನೀರು ತರಲು, ಅಂಗಳ ಗುಡಿಸಲು ನಾನು ಕರೆಯುತ್ತಿದ್ದದ್ದು ಹಾಡಿಯ ಮತ್ತು ಲೈನ್ ಮನೆಯ ಮಕ್ಕಳನ್ನೇ. ಅತಿಥಿಗಳಿಗೆ ಹೂ ಕೊಡಲು, ಪ್ರಾರ್ಥನೆ ಹೇಳಿಸಲು ಬೇರೆಯವರನ್ನು. ಮಕ್ಕಳು ಮನೆಯಿಂದ ತಂದಿದ್ದ ಭೇದಭಾವವನ್ನು ನಾನು ದಿನವೂ ಗಟ್ಟಿ ಮಾಡುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ನನಗೆ ನೋವಾಗುತ್ತದೆ. ಅಂದಿನಿಂದ ಎಲ್ಲ ಕೆಲಸವನ್ನೂ ಹಾಜರಿ ಪಟ್ಟಿಯ ಕ್ರಮದಲ್ಲೇ ಹಂಚಿದೆ.

ವಿಜ್ಞಾನದ ಪಾಠದಲ್ಲಿ ಕೀಟಗಳ ವಿಷಯ ಬಂದಾಗ ಜಗಲಿಗೆ ಎದ್ದು ಹೋಗಿದ್ದ ಆ ಹುಡುಗನನ್ನು, ಅವನು ಒಪ್ಪಿದ ಮೇಲೆ, ಮುಂದೆ ಕರೆದೆ. ಹೆಜ್ಜೇನು ಎತ್ತರದ ಮರದ ಕೊಂಬೆಗೆ ಬಯಲಿನಲ್ಲೇ ಒಂದೇ ದೊಡ್ಡ ಎರಿ ಕಟ್ಟುತ್ತದೆ, ತುಡುವೆ ಜೇನು ಮರದ ಪೊಟರೆಯೊಳಗೆ ಸಾಲಾಗಿ ಹಲವು ಎರಿ ಕಟ್ಟುತ್ತದೆ ಎಂದು ಅವನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ. ಪೊಟರೆಯ ಬಾಯಿಯನ್ನು ಬೆರಳಿನಿಂದ ಒರೆಸಿ ಇನ್ನಷ್ಟು ಚಿಕ್ಕದು ಮಾಡಿ, ‘ಇಷ್ಟೇ ಇರೋದು ಟೀಚರ್’ ಎಂದ. ಅವತ್ತು ಎಲ್ಲರೂ ಪ್ರಶ್ನೆ ಕೇಳಿದ್ದು ಅವನನ್ನು.

ಆದರೂ ಅನ್ಯಾಯ ನಡೆದಾಗ ಪಕ್ಕದಲ್ಲಿ ನಿಂತ ಮಗು ಏಕೆ ಸುಮ್ಮನಿರುತ್ತದೆ ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಮನಸ್ಸಿಲ್ಲವೆಂದಲ್ಲ, ಆ ಕ್ಷಣದಲ್ಲಿ ಬಾಯಿಗೆ ಮಾತು ಬರುವುದಿಲ್ಲ. ಹಾಗಾಗಿ ಮಾತುಗಳನ್ನೇ ಅಭ್ಯಾಸ ಮಾಡಿಸಿದೆ: ‘ಇಲ್ಲಿ ಜಾಗ ಇದೆ, ಬಾ’, ‘ಹೆಸರು ಹಿಡಿದು ಕರಿ’. ಮೊದಲ ಸಲ ಹಾಡಿಯ ಹುಡುಗಿಯೊಬ್ಬಳಿಗೇ ಅವಮಾನಕ್ಕೊಳಗಾಗುವ ಪಾತ್ರ ಕೊಟ್ಟು ತಪ್ಪು ಮಾಡಿದೆ. ಅವಳು ತಲೆ ತಗ್ಗಿಸಿದ್ದನ್ನು ಕಂಡು ಆಟ ನಿಲ್ಲಿಸಿದೆ. ಬಳಿಕ ಆ ಪಾತ್ರವನ್ನು ನಾನೇ ವಹಿಸಿಕೊಂಡೆ. ಮಕ್ಕಳೆಲ್ಲ ನನ್ನ ಪರವಾಗಿ ಮಾತಾಡಬೇಕಿತ್ತು.

ತಟ್ಟೆ ಸರಿಸಿದ್ದ ಹುಡುಗಿಯ ತಂದೆ ಶಾಲೆಗೆ ಬಂದು, ಮಗಳನ್ನು ಎಲ್ಲರ ಜೊತೆ ಏಕೆ ಕೂರಿಸುತ್ತೀರಿ ಎಂದು ಕೇಳಿದರು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗಳ ಹೊಳೆದಂಡೆಯ ಮನೆಗಳು ಕುಸಿದಾಗ ಅವರ ಕುಟುಂಬವೂ ಪರಿಹಾರ ಕೇಂದ್ರದಲ್ಲಿತ್ತು. ‘ಅಲ್ಲಿ ನಿಮ್ಮ ಪಕ್ಕದಲ್ಲಿ ಊಟಕ್ಕೆ ಕೂತವರು ಯಾರೆಂದು ನೆನಪಿದೆಯೇ ಅಣ್ಣಾ?’ ಎಂದಷ್ಟೇ ಕೇಳಿದೆ. ಅವರು ಒಪ್ಪಲಿಲ್ಲ, ಮತ್ತೆ ಕೇಳಲೂ ಇಲ್ಲ.

ಜನವರಿಯಲ್ಲಿ, ಕಾಫಿ ಕೊಯ್ಲಿನ ಸಮಯಕ್ಕೆ, ಅಸ್ಸಾಮಿನ ಹುಡುಗಿಯೊಬ್ಬಳು ಹೊಸದಾಗಿ ಸೇರಿದಳು. ನಲ್ಲಿಯ ಹತ್ತಿರ ಒಬ್ಬ ಹುಡುಗ ಅವಳನ್ನು ‘ಏ ಅಸ್ಸಾಂ’ ಎಂದು ಕೂಗಿದಾಗ, ಅಂದು ತಟ್ಟೆ ಸರಿಸಿದ್ದ ಹುಡುಗಿಯೇ, ‘ಅವಳಿಗೆ ಹೆಸರಿಲ್ವಾ?’ ಎಂದಳು. ಧ್ವನಿ ನಡುಗುತ್ತಿತ್ತು. ಆ ಹುಡುಗ ಮತ್ತು ಅವನ ಗೆಳೆಯರು ಮೂರು ದಿನ ಅವಳೊಡನೆ ಮಾತು ಬಿಟ್ಟರು. ಆ ಮೂರು ದಿನವೂ ನಾನು ನನ್ನ ತಟ್ಟೆ ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲೇ ಊಟಕ್ಕೆ ಕುಳಿತೆ.